ಹೊಗಳಿಕೆಯ ಖರ್ಚು

ಹಳೆಯ ಕನ್ನಡ ಕವಿಗಳು ತಮ್ಮ ಕಾವ್ಯವನ್ನು ತಾವೇ ಹೊಗಳಿಕೊಂಡ ಪದ್ಯಗಳನ್ನು ಇಟ್ಟುಕೊಂಡು ನಾನು ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಇದು ನಾಲ್ಕನೇ ವರ್ಷ. ಪಂಪ ತನ್ನ ಒಂದು ಕಾವ್ಯವನ್ನು ಮೂರು ತಿಂಗಳಲ್ಲಿ, ಇನ್ನೊಂದನ್ನು ಆರು ತಿಂಗಳಲ್ಲಿ ಮುಗಿಸಿದೆನೆಂದು ಹೇಳಿಕೊಳ್ಳುತ್ತಾನೆ. ಗದುಗಿನ ಕುಮಾರವ್ಯಾಸ ತಾನು ಹಲಗೆ ಬಳಪ ಹಿಡಿದು ಕರಡು ಮಾಡಿದವನಲ್ಲ, ಇಟ್ಟ ಮಾತನ್ನು ಅಳಿಸಿದವನಲ್ಲ ಎನ್ನುತ್ತಾನೆ. ಇಂಥವನ್ನು ಓದಿ, ಕಾರ್ಡಿನ ಮೇಲೆ ಬರೆದು, ಪೆಟ್ಟಿಗೆಯಲ್ಲಿ ಜೋಡಿಸಿಟ್ಟುಕೊಂಡವಳು ನಾನು. ಆದರೆ ಅವ್ವ ಬಡಿದ ಕಡಕ್ ರೊಟ್ಟಿಯ ಬಗ್ಗೆ ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ಸಾಲು ಬರೆಯಬೇಕಾದಾಗ ಒಂದಿಡೀ ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಬರೆದು ಅಳಿಸುತ್ತ ಕೂತಿದ್ದೆ. ಕುಮಾರವ್ಯಾಸ ನಕ್ಕಿರಬೇಕು.

ನಮ್ಮೂರು ಮುಧೋಳದ ಹತ್ತಿರ. ಎರಡು ಎಕರೆ ಒಣಬೇಸಾಯ. ಹಿಂಗಾರಿಗೆ ಮಾಲದಂಡಿ ಜೋಳ, ಮುಂಗಾರಿಗೆ ಶೇಂಗಾ. ಅಪ್ಪ ತೀರಿಕೊಂಡ ಮೇಲೆ ಅವ್ವ ರೊಟ್ಟಿ ಬಡಿದು ಊರ ಖಾನಾವಳಿಗೆ ಕೊಡತೊಡಗಿದಳು. ನನ್ನ ಫೆಲೋಶಿಪ್ಪಿನ ಹಣ ತಿಂಗಳುಗಟ್ಟಲೆ ಬರದೇ ಇದ್ದ ಒಂದು ಬೇಸಗೆಯಲ್ಲಿ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಗೆಳತಿಯೊಬ್ಬಳು, 'ನಿಮ್ಮವ್ವನ ರೊಟ್ಟಿ ಇಲ್ಲಿ ಸಿಕ್ರ ನಾ ತಿಂಗಳಾ ತಗೋತೀನಿ' ಅಂದಳು. ಅಲ್ಲಿಂದ ಸುರುವಾಯಿತು. ಹತ್ತು ರೊಟ್ಟಿಗೆ 80 ರೂಪಾಯಿ, ಕಾಲು ಕಿಲೋ ಶೇಂಗಾ ಹಿಂಡಿಗೆ 100. ಕೊರಿಯರ್ ಬೇರೆ.

ಕೈಯಲ್ಲಿದ್ದ ಬಂಡವಾಳ 5,000 ರೂಪಾಯಿ. ಲೇಬಲ್ ಅಚ್ಚು ಹಾಕಿಸಿದ್ದು 1,200. ರಟ್ಟಿನ ಪೆಟ್ಟಿಗೆ 1,000. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಗೆ 100. ತೂಕದ ಯಂತ್ರಕ್ಕೆ 700. ಫೋನಿನೊಳಗೆ ಜಾಹೀರಾತಿಗೆಂದು 1,500. ಆ ಜಾಹೀರಾತನ್ನು 11,000 ಜನ ನೋಡಿದರು ಎಂದು ಫೋನು ಹೇಳಿತು. 140 ಜನ ಹೃದಯ ಒತ್ತಿದರು. ರೊಟ್ಟಿ ಕೇಳಿದವರು ಮೂವರು. ಅವ್ವನಿಗೆ ಈ ಲೆಕ್ಕ ಹೇಳಿದಾಗ ಆಕೆ ಕೇಳಿದ್ದು ಒಂದೇ: 'ಹನ್ನೊಂದು ಸಾವಿರ ಮಂದಿ ಅಂದ್ರ ನಮ್ಮೂರ ಜಾತ್ರಿಗಿಂತ ಹೆಚ್ಚಾತಲ್ಲ. ಅಷ್ಟೂ ಮಂದಿ ಎಲ್ಲಿ ನಿಂತು ನೋಡಿದ್ರು?'

ಉಳಿದದ್ದು 500 ರೂಪಾಯಿ. ಲೇಬಲ್ ಅಚ್ಚು ಹಾಕಿಸಿದ ಅಂಗಡಿಯ ಹುಡುಗ, ಅಷ್ಟೇ ಹಣಕ್ಕೆ ಹತ್ತು ಸಾವಿರ ಫೋನ್ ನಂಬರುಗಳ ಪಟ್ಟಿ ಕೊಡುತ್ತೇನೆಂದ. ನಾನು ಕೊಂಡೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಕೊಂಡೆ. ನಲವತ್ತು ಜನರಿಗೆ ಸಂದೇಶ ಕಳಿಸಿದ್ದೆನೇನೋ, ಒಬ್ಬ ನಿವೃತ್ತ ಶಿಕ್ಷಕರು ಬಹಳ ಮರ್ಯಾದೆಯಿಂದ ಉತ್ತರ ಬರೆದರು: 'ತಂಗಿ, ರೊಟ್ಟಿ ಚೆನ್ನಾಗಿರಬಹುದು. ನನ್ನ ನಂಬರ್ ನಿಮಗೆ ಯಾರು ಕೊಟ್ಟರು?' ನನ್ನ ಬಳಿ ಉತ್ತರವಿರಲಿಲ್ಲ. ಪಟ್ಟಿ ಅಳಿಸಿಹಾಕಿದೆ.

ಅಲ್ಲಿಗೆ ಹಣ ಮುಗಿಯಿತು. ಹಣ ಮುಗಿದ ಮೇಲೂ ಪ್ರಚಾರ ನಿಲ್ಲುವುದಿಲ್ಲ. ಕಾಸಿಲ್ಲದೆ ಮಾರುಕಟ್ಟೆ ಮಾಡುವುದು ಹೇಗೆ ಎಂದು ಕಲಿಸುವ ವಿಡಿಯೋಗಳಿಗೆ ಲೆಕ್ಕವಿಲ್ಲ. ಹತ್ತಿಪ್ಪತ್ತು ನೋಡಿದೆ. ಎಲ್ಲದರಲ್ಲೂ ಹೇಳುವುದು ಸುಮಾರಾಗಿ ಒಂದೇ. ಗೆಳೆಯರಿಂದ ಒಳ್ಳೆಯ ಮಾತು ಬರೆಸು, ಸಂಬಂಧಿಕರ ಗುಂಪುಗಳಲ್ಲಿ ಹಂಚು, ಸರಕು ಮುಗಿಯುತ್ತಿದೆ ಎನ್ನು, ನಿನ್ನ ಕಥೆ ಹೇಳು. ಇವೆಲ್ಲ ಪುಕ್ಕಟೆ ಎನ್ನುತ್ತಾರೆ. ನನ್ನ ತಕರಾರು ಇರುವುದು ಈ ಪುಕ್ಕಟೆ ಎಂಬ ಪದದ ಮೇಲೆ. ಹಣದಿಂದ ಕೊಡದಿದ್ದರೆ ಬೇರೆ ಯಾವುದರಿಂದಲೋ ಕೊಡುತ್ತಿದ್ದೇವೆ. ಆ ಬೇರೆ ಯಾವುದು ನಮ್ಮದೇ ಹೌದೋ, ಬೇರೆಯವರದೋ ಎಂಬುದನ್ನು ಯಾವ ವಿಡಿಯೋದಲ್ಲೂ ಕೇಳುವುದಿಲ್ಲ.

ಮೊದಲು ಗೆಳೆಯರಿಂದ ಬರೆಸಿದ ಮಾತುಗಳ ವಿಷಯ. ಹಾಸ್ಟೆಲಿನ ಆರು ಜನ ರೊಟ್ಟಿ ತಿನ್ನದೆಯೇ ಐದು ನಕ್ಷತ್ರ ಕೊಟ್ಟರು. ಒಬ್ಬಳಂತೂ ಬಾಯಲ್ಲಿಟ್ಟರೆ ಕರಗುತ್ತದೆ ಎಂದು ಬರೆದಿದ್ದಳು. ಕಡಕ್ ರೊಟ್ಟಿ ಬಾಯಲ್ಲಿ ಕರಗಿದರೆ ಅದರಲ್ಲೇನೋ ದೋಷವಿದೆ ಎಂದರ್ಥ! ಅವನ್ನು ತೆಗೆಸಿದೆ. ಸತ್ಯನಿಷ್ಠೆಯಿಂದಲ್ಲ, ರೊಟ್ಟಿ ಗೊತ್ತಿದ್ದವರು ನಗುತ್ತಾರೆಂಬ ಹೆದರಿಕೆಯಿಂದ.

ಆಮೇಲೆ, ಇನ್ನು ಐದೇ ಪ್ಯಾಕ್ ಉಳಿದಿವೆ ಎಂದು ಹಾಕಿದೆ. ಮನೆಯಲ್ಲಿ ನಲವತ್ತಿದ್ದವು. ಇಂಥದ್ದನ್ನು ಸುಳ್ಳು ಅವಸರ ಎಂದು ಗುರುತಿಸಿ, ಗ್ರಾಹಕರನ್ನು ಮರುಳು ಮಾಡುವ 13 ಬಗೆಯ ತಂತ್ರಗಳಲ್ಲಿ ಒಂದಾಗಿ ಪಟ್ಟಿ ಮಾಡಿ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಇದರಲ್ಲೊಂದು ತಮಾಷೆಯಿದೆ. ಅವ್ವ ದಿನಕ್ಕೆ ನೂರು ರೊಟ್ಟಿಗಿಂತ ಹೆಚ್ಚು ಬಡಿಯಲಾರಳು. ಅಂದರೆ ನಮ್ಮ ಸರಕು ನಿಜಕ್ಕೂ ಕಡಿಮೆ. ಇದ್ದ ನಿಜವಾದ ಕೊರತೆಯನ್ನು ಹೇಳದೆ, ಇಲ್ಲದ ಕೊರತೆಯೊಂದನ್ನು ನಾನು ಹುಟ್ಟಿಸಿದ್ದೆ. ಯಾಕೆಂದರೆ ಎಲ್ಲರೂ ಹಾಗೇ ಬರೆಯುತ್ತಾರೆ.

ಇನ್ನೊಮ್ಮೆ, ಮಷಿನ್ ರೊಟ್ಟಿ ಅಲ್ಲ, ಕೈಯಿಂದ ಬಡಿದದ್ದು ಎಂದು ದೊಡ್ಡ ಅಕ್ಷರದಲ್ಲಿ ಹಾಕಿದೆ. ನಮ್ಮ ಓಣಿಯ ಕೊನೆಯಲ್ಲಿ ಸಂಘದ ಸಾಲ ತೆಗೆದು ರೊಟ್ಟಿ ಮಷಿನ್ ಇಟ್ಟುಕೊಂಡ ಅಕ್ಕ ಒಬ್ಬರಿದ್ದಾರೆ. ಅಪ್ಪ ಹೋದಾಗ ಹನ್ನೊಂದು ದಿನ ನಮ್ಮ ಮನೆಗೆ ಅನ್ನ ಬೇಯಿಸಿ ತಂದವರು. ಅವರ ಮಗನ ಫೋನಿನಲ್ಲಿ ಅದು ಕಂಡಿತು. ಅವರು ಏನೂ ಅನ್ನಲಿಲ್ಲ. ಅವ್ವನಿಗೆ ಹಿಟ್ಟು ಬೀಸಿಕೊಡಲು ಗಿರಣಿಗೆ ಜೊತೆಗೆ ಬರುತ್ತಿದ್ದವರು ಆ ವಾರ ಬರಲಿಲ್ಲ, ಅಷ್ಟೆ. ಬಸವಣ್ಣನವರು ಏಳು ಬೇಡಗಳನ್ನು ಹೇಳುವ ವಚನ ಎಲ್ಲರಿಗೂ ಬಾಯಿಪಾಠ. ಅದರಲ್ಲಿ ಕಳವು, ಕೊಲೆಗಳ ಜೊತೆಗೇ ತನ್ನನ್ನು ಹೊಗಳಿಕೊಳ್ಳುವುದಕ್ಕೂ ಎದುರಿನವರನ್ನು ತೆಗಳುವುದಕ್ಕೂ ನಿಷೇಧವಿದೆ. ಶಾಲೆಯಲ್ಲಿದ್ದಾಗ ಇದು ವಿಚಿತ್ರ ಅನ್ನಿಸುತ್ತಿತ್ತು. ಕೊಲೆಯ ಪಕ್ಕದಲ್ಲಿ ಬಡಾಯಿಯೇ? ಆ ಎರಡು ನಿಷೇಧಗಳು ಪಕ್ಕಪಕ್ಕದಲ್ಲಿ ಯಾಕಿವೆ ಎಂದು ಆ ಗಿರಣಿಯ ವಾರದಲ್ಲಿ ಗೊತ್ತಾಯಿತು. ನಾನು ಯಾರ ಹೆಸರನ್ನೂ ಎತ್ತಿರಲಿಲ್ಲ, ನಮ್ಮ ರೊಟ್ಟಿಯನ್ನು ಹೊಗಳಿದ್ದೆ ಅಷ್ಟೆ. ಮಾರುಕಟ್ಟೆಯಲ್ಲಿ ಹೊಗಳಿಕೆ ಒಬ್ಬರ ತಲೆಯ ಮೇಲೆ ಕಾಲಿಡದೆ ಎತ್ತರಕ್ಕೆ ಹೋಗುವುದು ಕಷ್ಟ.

ಹಾಗಾದರೆ ಮಾರುವವರು ಬಾಯಿ ಮುಚ್ಚಿಕೊಂಡಿರಬೇಕೇ? ಇಲ್ಲಿಯೇ ನನಗೆ ನನ್ನ ಸಂಶೋಧನೆ ಉಪಯೋಗಕ್ಕೆ ಬಂದದ್ದು. ಇದು ಅಪರೂಪದ ಸಂಗತಿಯಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೊಗಳಿಕೊಳ್ಳುವ ಕನ್ನಡ ಕವಿಗಳಲ್ಲಿ ದೊಡ್ಡ ಗಂಟಲಿನವನು ರನ್ನ. ಹತ್ತನೇ ಶತಮಾನದವನು. ನಮ್ಮ ಮುಧೋಳದವನು. ಬಳೆಗಾರರ ಮನೆತನದವನು. ಆತನ ಕಾವ್ಯವೆಂಬ ರತ್ನವನ್ನು ಪರೀಕ್ಷೆ ಮಾಡುತ್ತೇನೆಂದು ಬರುವವನಿಗೆ ಎಂಟು ಎದೆ ಇವೆಯೇ ಎಂದು ಕೇಳುವ ಪದ್ಯವೊಂದಿದೆ. ಬಳೆ ಮಾರುವವರ ಮನೆಯಲ್ಲಿ ಹುಟ್ಟಿದವನು ತನ್ನ ಸರಕನ್ನು ಹೀಗೆ ಕೂಗಿ ಹೇಳಿದ್ದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ಇದಕ್ಕೆ ಆಧಾರ ಕೊಡು ಎಂದು ನನ್ನ ಮಾರ್ಗದರ್ಶಕರು ಕೇಳಿದ್ದಾರೆ. ಆಧಾರವಿಲ್ಲ, ಅನ್ನಿಸಿಕೆ ಮಾತ್ರ ಇದೆ.

ಬಳೆಗಾರ ಹೇಗೆ ಮಾರುತ್ತಿದ್ದ ಎಂದು ನೆನಪು ಮಾಡಿಕೊಳ್ಳಿ. ಓಣಿಯಲ್ಲಿ ಕೂಗುತ್ತ ಬರುತ್ತಿದ್ದ. ಬಣ್ಣ ಬಣ್ಣದ ಮಾತಾಡುತ್ತಿದ್ದ. ಈ ಹಸಿರು ನಿನ್ನ ಕೈಗೆ ಹೇಳಿ ಮಾಡಿಸಿದ್ದು ಅನ್ನುತ್ತಿದ್ದ. ಮುಂದಿನ ಮನೆಯಲ್ಲೂ ಅದನ್ನೇ ಅನ್ನುತ್ತಿದ್ದ, ಅದು ಎಲ್ಲ ಹೆಂಗಸರಿಗೂ ಗೊತ್ತಿತ್ತು. ಆದರೆ ಆತ ಪಡಸಾಲೆಯಲ್ಲಿ ಕೂತು, ಕೈ ಹಿಡಿದು, ಬೆರಳು ಕೂಡಿಸಿ, ಬಳೆ ಏರಿಸಬೇಕಿತ್ತು. ಅಳತೆ ತಪ್ಪಿದರೆ ಆಗಲೇ ಒಡೆಯುತ್ತಿತ್ತು. ಹೊಗಳಿಕೆಗೂ ಪರೀಕ್ಷೆಗೂ ನಡುವೆ ಅರ್ಧ ಗಳಿಗೆಯ ಅಂತರವೂ ಇರಲಿಲ್ಲ. ಮೇಲಾಗಿ ಮುಂದಿನ ಹಬ್ಬಕ್ಕೆ ಆತ ಅದೇ ಓಣಿಗೆ ಬರಬೇಕಿತ್ತು. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲೂ ಇದೇ. ಮಾತು ಎಷ್ಟಾದರೂ ಸಿಹಿಯಾಗಿರಲಿ, ಪೆಂಟೆಯ ಮೂಲೆ ಒಡೆದು ಒಂದು ಚೂರು ಬಾಯಿಗೆ ಹಾಕಿಕೊಳ್ಳದೆ ಯಾರೂ ಬೆಲ್ಲ ಕೊಳ್ಳುವುದಿಲ್ಲ.

ರನ್ನನ ಬಡಾಯಿಯೂ ಈ ಜಾತಿಯದು. ಅವನ ಮಾತು ಪರೀಕ್ಷಕನನ್ನು ಕರೆಯುತ್ತಿಲ್ಲ, ಹೆದರಿಸುತ್ತಿದೆ ಎಂದು ವಾದ ಮಾಡಬಹುದು. ಆದರೆ ಆ ಪದ್ಯ ಮುಗಿದೊಡನೆ ಕಾವ್ಯ ಮುಂದುವರಿಯುತ್ತದೆ. ಕೇಳುವವನು ಅಲ್ಲೇ ಕೂತಿದ್ದಾನೆ. ಎದೆ ಎಂಟಿರಲಿ, ಒಂದಿರಲಿ, ಕೃತಿ ಅವನ ಮುಂದೆ ತೆರೆದಿದೆ. ಬಡಾಯಿ ಸುಳ್ಳಾದರೆ ಮುಂದಿನ ಪದ್ಯದಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಹೊಗಳಿಕೆಯಲ್ಲಿ ಎರಡು ಬಗೆ ಇವೆ ಎಂದು ನನಗೆ ಕಾಣುತ್ತದೆ. ಒಂದು, ಬಾ ನೋಡು ಎಂದು ಸರಕಿನ ಕಡೆಗೆ ಕೈ ಮಾಡುವಂಥದು. ಇನ್ನೊಂದು, ನೋಡುವ ಅಗತ್ಯವೇ ಇಲ್ಲದಂತೆ ಮಾಡುವಂಥದು. ತಿನ್ನದೆ ಬರೆಸಿದ ಐದು ನಕ್ಷತ್ರ, ಮುಗಿಯುತ್ತಿದೆ ಎಂಬ ಅವಸರ, ಎರಡೂ ಈ ಎರಡನೇ ಬಗೆಯವು. ಅವು ಕೊಳ್ಳುವವನ ನಾಲಿಗೆಯ ಕೆಲಸವನ್ನು ಬೇರೆಯವರ ಕೈಗೆ ಕೊಡುತ್ತವೆ.

ಪ್ರಚಾರಕ್ಕೆ ನಮ್ಮ ಸಾಹಿತ್ಯ ಲೋಕವೇನೂ ನಾಚಿಕೊಂಡಿದ್ದಲ್ಲ. ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಒಂದೊಂದು ಗರಿಯನ್ನೂ ಕೈಯಿಂದ ಬರೆಯುವ ಕಾಲದಲ್ಲಿ ಸಾವಿರ! ಕನ್ನಡ ಪುಸ್ತಕವೊಂದಕ್ಕೆ ಆಮೇಲೆ ಅಂಥ ಬಜೆಟ್ ಸಿಕ್ಕಿರಲಾರದು. ಬಜೆಟ್ ಇಲ್ಲದವರ ಸಾಲಿನಲ್ಲಿ ಗಳಗನಾಥರಿದ್ದಾರೆ. 1869ರಲ್ಲಿ ಹುಟ್ಟಿದ ಈ ಕಾದಂಬರಿಕಾರ ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಆ ಗಂಟಿನ ಭಾರ. ಕಾಸಿಲ್ಲದ ಪ್ರಚಾರದ ಖರ್ಚನ್ನು ಅವರು ತಮ್ಮ ಹೆಗಲಿನಿಂದಲೇ ಕೊಟ್ಟರು, ಬೇರೆ ಯಾರ ಹೆಗಲಿಗೂ ದಾಟಿಸಲಿಲ್ಲ.

ನಾನು ದಾಟಿಸಿದೆ. ಇನ್ನು ಅದನ್ನು ಹೇಳಬೇಕು.

ಕಳೆದ ವರ್ಷದ ಶ್ರಾವಣದಲ್ಲಿ ವ್ಯಾಪಾರ ನೆಲ ಕಚ್ಚಿತ್ತು. ವಾರಕ್ಕೆ ನಾಲ್ಕೈದು ಪೆಟ್ಟಿಗೆ. ಅವ್ವನ ಪಾಟ್ಲಿ ಅಡವಿಟ್ಟಲ್ಲಿ ಬಡ್ಡಿ ಕಟ್ಟಲು ಹತ್ತು ದಿನ ಉಳಿದಿತ್ತು. ಆ ರಾತ್ರಿ ನಾನು ಅವ್ವನ ಕೈಯ ಫೋಟೋ ಹಾಕಿದೆ. ಹಂಚಿನ ಮುಂದೆ ಕೂತ ಕೈ, ಮಣಿಕಟ್ಟಿನ ಮೇಲೆ ಸುಟ್ಟ ಕಲೆ, ಬಳೆಯಿಲ್ಲ. ಕೆಳಗೆ ಬರೆದೆ: ಅಪ್ಪ ಹೋದದ್ದು, ಸಾಲ ಉಳಿದದ್ದು, ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ಮಗಳನ್ನು ಓದಿಸುವ ಹಟ. ಒಂದು ಅಕ್ಷರವೂ ಸುಳ್ಳಿರಲಿಲ್ಲ. ಬರೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ರೊಟ್ಟಿಯ ಬಗ್ಗೆ ಬರೆಯಲು ರಾತ್ರಿ ಪೂರ್ತಿ ಬೇಕಾದವಳಿಗೆ ಇದು ಇಷ್ಟು ಸಲೀಸಾಗಿ ಬಂದದ್ದು ಯಾಕೆಂದು ಆಗ ಯೋಚಿಸಬೇಕಿತ್ತು.

ಮೂರು ದಿನದಲ್ಲಿ 62 ಆರ್ಡರ್ ಬಂದವು.

ಅವ್ವ ಒಂದು ವಾರ ಹಗಲೂ ರಾತ್ರಿ ಬಡಿದಳು. ನಾನು ಊರಿಗೆ ಹೋಗಿ ಪೆಟ್ಟಿಗೆ ಕಟ್ಟಿದೆ. ಬಡ್ಡಿ ಕಟ್ಟಿದೆವು. ಐದನೆಯ ದಿನ ಪಕ್ಕದ ಮನೆಯ ಹುಡುಗಿ ಬಂದು ಆ ಫೋಟೋವನ್ನು ಅವ್ವನಿಗೆ ತೋರಿಸಿ, ಬರೆದದ್ದನ್ನು ಓದಿ ಹೇಳಿದಳು. ಅವ್ವ ಏನೂ ಅನ್ನಲಿಲ್ಲ. ಉಳಿದ ಇಪ್ಪತ್ತು ಪೆಟ್ಟಿಗೆಯ ರೊಟ್ಟಿ ಮುಗಿಸಿ, ಹಂಚು ಇಳಿಸಿ, ಕೈ ತೊಳೆದು ಬಂದು ಕೂತ ಮೇಲೆ ಕೇಳಿದಳು:

'ಇಷ್ಟೂ ಮಂದಿ ರೊಟ್ಟಿ ತಗೊಂಡಾರೋ, ನನಗ ಮರಗ್ಯಾರೋ?'

ಬರೆದದ್ದೆಲ್ಲ ಖರೇ ಐತಲ್ಲವ್ವಾ ಅಂದೆ.

'ಖರೇ ಐತಿ. ಆದ್ರ ಅದು ನಂದು. ನಿಮ್ಮಪ್ಪ ಸತ್ತದ್ದು ನಾ ಯಾರ ಮುಂದೂ ಹೇಳಿ ಏನೂ ಬೇಡಿಲ್ಲ. ಸಂಘದಾಗ ಸಾಲ ಕೇಳಾಕ ಹೋದಾಗೂ ಹೇಳಲಿಲ್ಲ.'

ಸುಳ್ಳು ಹೇಳಬಾರದು ಎಂಬ ಒಂದೇ ಅಳತೆಗೋಲು ಹಿಡಿದುಕೊಂಡು ನಾನು ಜಾಹೀರಾತಿನ ನೀತಿಯನ್ನು ಅಳೆಯುತ್ತಿದ್ದೆ. ಆ ಅಳತೆಗೋಲಿಗೆ ಇದು ಸಿಗಲಿಲ್ಲ. ನಿಜವೂ ಯಾರದೋ ಒಬ್ಬರ ಸ್ವತ್ತಾಗಿರಬಹುದು, ಅದನ್ನು ಕೇಳದೆ ಖರ್ಚು ಮಾಡಬಹುದು ಎಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ದೊಡ್ಡ ಕಂಪನಿಗಳೂ ತಾಯಿಯ ಕಥೆ ಹೇಳುತ್ತವೆ. ಅವು ನಟಿಯೊಬ್ಬಳಿಗೆ ಸಂಭಾವನೆ ಕೊಟ್ಟು, ಬೆಳಕು ಹಾಕಿ, ಒಬ್ಬ ತಾಯಿಯನ್ನು ತಯಾರಿಸುತ್ತವೆ. ಅಷ್ಟು ಬಜೆಟ್ ಇಲ್ಲದ ನಾವು ನಿಜವಾದ ತಾಯಿಯನ್ನೇ ಬಳಸಿಕೊಳ್ಳುತ್ತೇವೆ. ನಟಿ ಸಂಜೆ ಬಣ್ಣ ತೊಳೆದು ಮನೆಗೆ ಹೋಗುತ್ತಾಳೆ. ಅವ್ವ ಎಲ್ಲಿಗೆ ಹೋಗಬೇಕು?

ಕೊಂಡವರ ಕಡೆಯಿಂದಲೂ ಇದನ್ನು ನೋಡಬೇಕು. ಆ 62 ಜನರಲ್ಲಿ ಮತ್ತೆ ರೊಟ್ಟಿ ಕೇಳಿದವರು ನಾಲ್ವರು. ಮೈಸೂರಿನ ಒಬ್ಬರು ಆರು ತಿಂಗಳ ಮೇಲೆ ಮಾತಿನ ನಡುವೆ ಹೇಳಿದರು, ಅವರಿಗೆ ಹೋದ ಪೆಟ್ಟಿಗೆಯಲ್ಲಿ ರೊಟ್ಟಿ ಎಲ್ಲ ಪುಡಿಯಾಗಿತ್ತಂತೆ. ಯಾಕೆ ಹೇಳಲಿಲ್ಲ ಎಂದೆ. 'ಪಾಪ, ಅವರ ಪರಿಸ್ಥಿತಿ ಗೊತ್ತಿದ್ದೂ ಹೇಗೆ ಹೇಳೋದು ಅಂತ ಸುಮ್ಮನಾದೆ' ಎಂದರು. ಅವರು ಒಳ್ಳೆಯವರು. ಆದರೆ ಹಣ ಕೊಟ್ಟ ಮೇಲೂ ರೊಟ್ಟಿ ಸರಿಯಿಲ್ಲ ಎನ್ನುವ ಹಕ್ಕನ್ನು ನಾನು ಅವರಿಂದ ಕಿತ್ತುಕೊಂಡಿದ್ದೆ. ಮರುಕ ಬಂದ ಕಡೆ ಪರೀಕ್ಷೆ ನಿಂತುಹೋಗುತ್ತದೆ. ಅಂದರೆ ಅವ್ವನ ಕೈಯ ಆ ಫೋಟೋ, ನಾನು ಮೇಲೆ ಹೇಳಿದ ಎರಡನೇ ಬಗೆಯ ಹೊಗಳಿಕೆಗಳಲ್ಲೆಲ್ಲ ಗಟ್ಟಿಯಾದದ್ದು. ಅದರಲ್ಲಿ ಹೊಗಳಿಕೆಯ ಒಂದು ಪದವೂ ಇರಲಿಲ್ಲ ಎಂಬುದು ಬೇರೆ ಮಾತು.

ನನ್ನ ಗೆಳೆಯನೊಬ್ಬ ಇದನ್ನು ಒಪ್ಪುವುದಿಲ್ಲ. ಅವನು ಅರ್ಥಶಾಸ್ತ್ರದವನು. 'ಈ ಸೂಕ್ಷ್ಮವೆಲ್ಲ ಫೆಲೋಶಿಪ್ ಬರೋರಿಗೆ. ಆ ವಾರ ಬಡ್ಡಿ ಕಟ್ಟದಿದ್ದರ ಪಾಟ್ಲಿ ಹೋಗತಿತ್ತು. ನಿಮ್ಮವ್ವನ ಮರ್ಯಾದಿ ಪಾಟ್ಲಿಯೊಳಗೂ ಇತ್ತಲ್ಲ?' ಎಂದ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಪಾಟ್ಲಿ ಉಳಿಯಿತು, ಅದು ಆ ಫೋಟೋದಿಂದಲೇ ಉಳಿಯಿತು, ಆ ಹಣವನ್ನು ನಾವು ಯಾರಿಗೂ ವಾಪಸು ಕೊಡಲಿಲ್ಲ. ಅವ್ವನನ್ನು ಮೊದಲೇ ಕೇಳಬಹುದಿತ್ತು ಎಂದಷ್ಟೇ ಹೇಳಬಲ್ಲೆ. ಕೇಳಿದ್ದರೆ ಬೇಡ ಅನ್ನುತ್ತಿದ್ದಳು, ಪಾಟ್ಲಿ ಹೋಗುತ್ತಿತ್ತು. ಹಾಗೆ ಹೋಗಲು ಬಿಡುವ ಅಧಿಕಾರ ಆಕೆಯದಾಗಿತ್ತು. ನಾನು ಕೇಳದೆ ಇದ್ದದ್ದು ಆ ಉತ್ತರ ಗೊತ್ತಿದ್ದರಿಂದಲೇ ಇರಬೇಕು.

ಈ ಬರಹದಲ್ಲೂ ನಾನು ಅದನ್ನೇ ಮಾಡುತ್ತಿಲ್ಲವೇ ಎಂದು ಓದುವವರು ಕೇಳಬಹುದು. ಫೋನಿನಲ್ಲಿ ಅವ್ವನಿಗೆ ಇದನ್ನೆಲ್ಲ ಓದಿ ಹೇಳಿದ್ದೇನೆ. ಎರಡು ಕಡೆ ತೆಗೆಸಿದಳು. ನಮ್ಮ ಪುಟದ ಹೆಸರು ಇಲ್ಲಿ ಇಲ್ಲದಿರುವುದೂ ಆಕೆಯ ಷರತ್ತು.

ಆ ಫೋಟೋ ತೆಗೆದುಹಾಕಿದ ಮೇಲೆ ಒಂದು ವ್ಯವಸ್ಥೆ ಮಾಡಿಕೊಂಡೆವು. ಏನು ಬರೆದರೂ ಶುಕ್ರವಾರ ರಾತ್ರಿ ಅವ್ವನಿಗೆ ಓದಿ ಹೇಳಬೇಕು. ಆಕೆ ಪದಗಳನ್ನು ತೆಗೆಯುತ್ತಾಳೆ. ಅಪ್ಪಟ ಹೋಯಿತು, ಸಾಂಪ್ರದಾಯಿಕ ಹೋಯಿತು, ಅಮ್ಮನ ಕೈರುಚಿ ಹೋಯಿತು. ಬೆಲೆ ಬಿಟ್ಟರೆ ಏನೂ ಉಳಿಯುವುದಿಲ್ಲವೆಂದು ನಾನು ಸಿಟ್ಟಾದಾಗ ಆಕೆ ಅಂದಳು: 'ರೊಟ್ಟಿ ಚಲೋ ಅದಾವ ಅಂತ ಹೇಳು. ನಾ ಚಲೋ ಅಂತ ಹೇಳಬ್ಯಾಡ.' ಬಸವಣ್ಣನವರ ಆ ನಿಷೇಧವನ್ನು ನಾನು ಓದಿಕೊಂಡ ಎಷ್ಟೋ ವ್ಯಾಖ್ಯಾನಗಳಲ್ಲಿ ಇಷ್ಟು ನೇರವಾದ ವಿಂಗಡಣೆ ಕಂಡಿರಲಿಲ್ಲ. ಕಾಯಕದ ಫಲವನ್ನು ತೋರಿಸಬಹುದು, ಕಾಯಕ ಮಾಡಿದವರನ್ನು ತೋರಿಸಿ ಮಾರಬಾರದು. ಪ್ರಬಂಧದಲ್ಲಿ ಇದನ್ನು ಯಾವ ಅಡಿಟಿಪ್ಪಣಿಯಲ್ಲಿ ಹಾಕಲಿ ಎಂದು ಯೋಚಿಸುತ್ತಿದ್ದೇನೆ.

ವಾಟ್ಸಾಪಿನಲ್ಲಿ ಗುಂಪುಗಳನ್ನು ಬಿಟ್ಟು ಪ್ರಸಾರ ಪಟ್ಟಿ ಮಾಡಿಕೊಂಡೆ. ಅದರಲ್ಲಿ 256 ಜನರ ಮಿತಿಯಿದೆ. ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಹತ್ತು ಸಾವಿರ ನಂಬರು ಕೊಂಡಾಗ ಇದು ನನಗೆ ದೊಡ್ಡ ಕೊರತೆಯಾಗಿ ಕಂಡಿತ್ತು. ಈಗ ಆ ನಿಯಮದಲ್ಲಿ ಬಳೆಗಾರನ ಓಣಿ ಕಾಣುತ್ತದೆ. ಬಾಗಿಲು ತೆರೆದಿಟ್ಟವರ ಮನೆಗೆ ಮಾತ್ರ ಹೋಗುವುದು.

ಇನ್ನೊಂದು ಪ್ರಸಂಗ ಹೇಳಬೇಕು. ಇದರಲ್ಲಿ ನನ್ನ ಗೊಂದಲ ಇನ್ನೂ ಬಗೆಹರಿದಿಲ್ಲ. ಈ ಸಲ ಮಳೆ ಕೈಕೊಟ್ಟು ನಮ್ಮ ಶೇಂಗಾ ಹೋಯಿತು. ಹಿಂಡಿಗೆ ಪ್ಯಾಟಿಯಿಂದ ಶೇಂಗಾ ತಂದೆವು. ಲೇಬಲ್ಲಿನ ಮೇಲೆ ಮಾತ್ರ ನಮ್ಮ ಹೊಲದ ಶೇಂಗಾ ಎಂದು ಅಚ್ಚಾಗಿತ್ತು, ಅಂಥವು ಇನ್ನೂ ಮುನ್ನೂರು ಉಳಿದಿದ್ದವು. ರುಚಿಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೇಳಬೇಕೇ?

ಈ ಪ್ರಶ್ನೆ ಹಳೆಯದು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ತನ್ನ ಮಗನಿಗೆಂದು ಕರ್ತವ್ಯಗಳ ಮೇಲೆ ಒಂದು ಪುಸ್ತಕ ಬರೆದ. ಅದರಲ್ಲಿ ಒಬ್ಬ ದವಸದ ವ್ಯಾಪಾರಿ ಬರುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯಾದಿಂದ ಈತ ಮೊದಲು ಬಂದು ಮುಟ್ಟಿದ್ದಾನೆ. ಹಿಂದೆ ಇನ್ನೂ ಹಲವು ಹಡಗುಗಳು ದವಸ ತುಂಬಿಕೊಂಡು ಬರುತ್ತಿರುವುದು ಈತನಿಗೆ ಗೊತ್ತು, ದ್ವೀಪದವರಿಗೆ ಗೊತ್ತಿಲ್ಲ. ಹೇಳಿದರೆ ಬೆಲೆ ಬೀಳುತ್ತದೆ. ಸ್ಟೋಯಿಕ್ ಪಂಥದ ಡಯೋಜನೀಸ್, ಕಾನೂನು ಕೇಳಿದಷ್ಟು ಹೇಳಿದರೆ ಸಾಕು, ಸುಮ್ಮನಿರುವುದು ಮುಚ್ಚಿಡುವುದಲ್ಲ ಎಂದ. ಅವನ ಶಿಷ್ಯ ಆಂಟಿಪೇಟರ್, ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಿರಬೇಕು ಎಂದ. ಸಿಸೆರೊ ಶಿಷ್ಯನ ಕಡೆ ನಿಂತ. ನಾನು ಈ ಚರ್ಚೆಯನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಹೊತ್ತಿಗೆ ಅವ್ವ ಬಾಲ್‌ಪೆನ್ ತೆಗೆದುಕೊಂಡು ಮುನ್ನೂರು ಲೇಬಲ್ಲುಗಳ ಮೇಲೂ 'ನಮ್ಮ ಹೊಲದ' ಎಂಬುದನ್ನು ಹೊಡೆದುಹಾಕಿದ್ದಳು. ಹೊಸ ಲೇಬಲ್ಲಿಗೆ ರೊಕ್ಕ ಯಾಕ, ಎಂದು ಅಷ್ಟೆ.

ಮುಂದೆ ಆದದ್ದೇ ತೊಡಕು. ಹುಬ್ಬಳ್ಳಿಯ ಗಿರಾಕಿಯೊಬ್ಬರು ಆ ಹೊಡೆದುಹಾಕಿದ ಲೇಬಲ್ಲಿನ ಫೋಟೋ ತೆಗೆದು, ಇಂಥ ಪ್ರಾಮಾಣಿಕತೆ ಎಲ್ಲಿ ಸಿಗುತ್ತದೆ ಎಂದು ತಮ್ಮ ಖಾತೆಯಲ್ಲಿ ಹಾಕಿದರು. ಎರಡು ದಿನದಲ್ಲಿ ಐದು ಹೊಸ ಆರ್ಡರ್ ಬಂದವು. 1,500 ರೂಪಾಯಿಯ ಜಾಹೀರಾತು ತರದಷ್ಟನ್ನು ಬಾಲ್‌ಪೆನ್ನಿನ ಒಂದು ಗೀಟು ತಂದಿತ್ತು. ಆ ಕ್ಷಣ ನನ್ನ ತಲೆಯಲ್ಲಿ ಹೊಳೆದದ್ದು, ಹೊಸ ಲೇಬಲ್ಲುಗಳನ್ನು ಬೇಕೆಂದೇ ಹೀಗೆ ಗೀಟು ಹೊಡೆದು ಅಚ್ಚು ಹಾಕಿಸಿದರೆ ಹೇಗೆ ಎಂದು! ಹೊಳೆದದ್ದು ನಿಜ, ಬರೆಯದೆ ಇರಲಾರೆ.

ಕಾಂಟ್ 1785ರ ಪುಸ್ತಕದಲ್ಲಿ ಒಬ್ಬ ಅಂಗಡಿಯವನ ಮಾತು ತರುತ್ತಾನೆ. ಆತ ಮಗು ಬಂದರೂ ದೊಡ್ಡವರು ಬಂದರೂ ಒಂದೇ ಬೆಲೆಗೆ ಕೊಡುತ್ತಾನೆ, ಯಾಕೆಂದರೆ ಹಾಗೆ ಮಾಡಿದರೆ ವ್ಯಾಪಾರ ಉಳಿಯುತ್ತದೆ. ಕೆಲಸ ಸರಿ, ಆದರೆ ಅದರಲ್ಲಿ ನೀತಿಯ ಬೆಲೆಯಿಲ್ಲ ಎಂಬುದು ಕಾಂಟ್‌ನ ಪಟ್ಟು. ಮೊದಲು ಓದಿದಾಗ ಇದು ವಿನಾಕಾರಣ ಬಿಗಿ ಅನ್ನಿಸಿತ್ತು. ಮಗುವಿಗೆ ಸರಿಯಾದ ಬೆಲೆ ಸಿಕ್ಕರೆ ಸಾಲದೇ? ಈಗ ನಮ್ಮ ಮನೆಯಲ್ಲೇ ಎರಡು ಜೀವ ಇವೆ. ಪ್ರತಿ ಪೆಟ್ಟಿಗೆಯಲ್ಲೂ ಅವ್ವ ಒಂದು ಸಣ್ಣ ಪೊಟ್ಟಣ ಗುರೆಳ್ಳು ಹಿಂಡಿ ಇಡುತ್ತಾಳೆ. ಸಂತೆಯಲ್ಲಿ ಕಾಯಿಪಲ್ಲೆ ತೂಗಿದ ಮೇಲೆ ಒಂದು ಹಿಡಿ ಮೇಲೆ ಹಾಕುವ ಕೊಸರು ಅದು. ಕೊಸರು ಹಾಕದೆ ಮಾರುವುದು ಆಕೆಗೆ ಗೊತ್ತಿಲ್ಲ. ನಾನು ಅದೇ ಪೊಟ್ಟಣವನ್ನು ನನ್ನ ಲೆಕ್ಕದ ಹಾಳೆಯಲ್ಲಿ ಪ್ರಚಾರದ ಖರ್ಚು, ಪೆಟ್ಟಿಗೆಗೆ 8 ರೂಪಾಯಿ ಎಂದು ಬರೆಯುತ್ತೇನೆ. ಪೊಟ್ಟಣ ಒಂದೇ. ಮುಟ್ಟಿಸಿಕೊಂಡವರಿಗೆ ಎರಡರ ನಡುವೆ ವ್ಯತ್ಯಾಸ ತಿಳಿಯಲು ದಾರಿಯೇ ಇಲ್ಲ. ಆದರೂ ವ್ಯತ್ಯಾಸ ಇದೆಯೆಂದು ನನಗೆ ಗೊತ್ತು. ಗುರೆಳ್ಳಿನ ಬೆಲೆ ಏರಿದಾಗ ಅದು ಹೊರಗೆ ಬಿತ್ತು. ನಾನು ಪೊಟ್ಟಣ ನಿಲ್ಲಿಸೋಣ ಅಂದೆ. ಅವ್ವ ಪೊಟ್ಟಣ ಸಣ್ಣದು ಮಾಡಿದಳು, ನಿಲ್ಲಿಸಲಿಲ್ಲ.

ಕಳೆದ ಶುಕ್ರವಾರ ಓದಿ ಹೇಳಿ, ಶನಿವಾರ ಕಳಿಸಿದ ಸಂದೇಶ ಇಷ್ಟು: ಬಿಳಿಜೋಳದ ಕಡಕ್ ರೊಟ್ಟಿ, ಎಳ್ಳು ಹಚ್ಚಿದ್ದು, ಗುರುವಾರ ಬಡಿದದ್ದು. ಶೇಂಗಾ ಹಿಂಡಿ, ಶೇಂಗಾ ಈ ವರ್ಷ ಪ್ಯಾಟಿಯದು. ನೂರು ರೊಟ್ಟಿ ಇವೆ. ದಾರಿಯಲ್ಲಿ ಮುರಿದರೆ ಹೇಳಿ, ಬೇರೆ ಕಳಿಸುತ್ತೇವೆ.

ಒಂಬತ್ತು ಆರ್ಡರ್ ಬಂದವು. ಸಂಜೆ ಅವ್ವನಿಗೆ ಹೇಳಿದೆ.

'ಹ್ವಾದ ವಾರ ಎಷ್ಟಿದ್ದುವು?'

'ಹದಿನಾಲ್ಕು.'

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, ಉಳಿದ ಹತ್ತು ರೊಟ್ಟಿ ಓಣಿಯ ಕೊನೆಯ ಅಕ್ಕನ ಮನೆಗೆ ಕೊಟ್ಟು ಬರ್ತೀನಿ ಅಂದಳು. ನಾಳೆ ಗಿರಣಿಗೆ ಇಬ್ಬರೂ ಕೂಡಿ ಹೋಗುವವರಿದ್ದಾರಂತೆ.